ಪಾಸಾದ ಕಲ್ಲು

ಮಾರ್ಚ್ 3, ಬೆಳಿಗ್ಗೆ 8.40

ಗ್ರೈಂಡರ್ ಒರೆಸಿದೆ. ಗಾರ್ಡ್ ಎರಡೂ ಬಿಗಿ. ಉಜ್ಜುವ ತುಂಡನ್ನು ಆನಿಸುವ ರೆಸ್ಟ್‌ಗೂ ಸಾಣೆಕಲ್ಲಿಗೂ ನಡುವೆ ಎರಡು ಮಿಲಿಮೀಟರ್ — ಅಳೆದೆ, ಮತ್ತೆ ಅಳೆದೆ. ಭಾವನ ಒಂದು ಕಣ್ಣು ಹೋಗಿ ಇವತ್ತಿಗೆ ನಲವತ್ತು ದಿನ. ಅಂದಿನಿಂದ ಈ ಸಂದನ್ನು ದಿನಕ್ಕೆ ಹತ್ತು ಸಲ ಅಳೆಯುತ್ತೇನೆ. ಹುಚ್ಚು.

ಅಂದು ಹೊಸ ಕಲ್ಲನ್ನು ತಟ್ಟಿ ನೋಡಿ ಪಾಸ್ ಮಾಡಿದ್ದು ನಾನು. ಕೂರಿಸಿ ಸ್ವಿಚ್ ಹಾಕಿದ್ದು ಭಾವ. ಸಿಡಿಯಿತು. ಗಾಗಲ್ಸ್ ಹಾಕಿದ್ದರು; ಚೂರು ಅದನ್ನೂ ಒಡೆದುಕೊಂಡು ಬಂತು. ರೆಸ್ಟ್ ಸೊಟ್ಟಗಾಗಿತ್ತು. ಸಂದು ಅಗಲ ಬಿಟ್ಟಿದ್ದೇ ಕಾರಣ ಎಂದು ಮಾಲೀಕರು ತೀರ್ಮಾನಿಸಿದರು. ಭಾವನೂ ಹೂಂ ಅಂದುಬಿಟ್ಟರು. "ಅಜಾಗರೂಕರು ನಮಗೆ ಬೇಡ" — ಲೇತ್ ಮುಂದೆ ಇಪ್ಪತ್ತಾರು ವರ್ಷ ಕಳೆದ ಟರ್ನರ್‌ಗೆ ಈ ಮಾತು!

ಮಾರ್ಚ್ 4

ಅಕ್ಕನ ಮನೆಗೆ ಹೋಗಿದ್ದೆ. ಭಾವ ಗೋಡೆ ಕಡೆ ತಿರುಗಿ ಮಲಗಿದ್ದರು. ಅಕ್ಕ ಮೆಲ್ಲಗೆ ಏನೋ ಅಂದಳು. ಏನು ಅಂದೆ. ಮತ್ತೆ ಏನು ಅಂದೆ.

"ಕಿವೀಲಿ ಹತ್ತಿ ಇಟ್ಕೊಂಡಿದೀಯೇನೋ? ಕಣ್ಣು ಹೋಗಿದ್ದಕ್ಕಲ್ಲ ಅಂದೆ. ಕೆಲಸ ಬರದವರು ಅನ್ನಿಸ್ಕೊಂಡ್ರಲ್ಲ, ಅದಕ್ಕೆ ಊಟ ಸೇರ್ತಿಲ್ಲ ಅವರಿಗೆ."

ಮಾರ್ಚ್ 9

ಹೊಸ ಕಲ್ಲು ಬಂತು. ನಡುವಿನ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿದು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದೆ. ಕಲ್ಲು ಸರಿಯಿದ್ದರೆ ಠಣ್ ಎಂದು ನಾದ ಎಳೆಯುತ್ತದೆ. ಬಿರುಕಿದ್ದರೆ ಬರೀ ಡಬ್. ಎಳೆಯಿತು. ಪಾಸ್ ಅಂದೆ.

ಪಕ್ಕದ ಟೇಬಲ್ಲಿನ ವೆಲ್ಡರಮ್ಮ ತಿರುಗಿ ನೋಡಿದರು. "ತಮಾಷೆನಾ? ಒಡೆದ ಮಡಕೆ ಥರ ಡಬ್ ಅಂತಿದೆ, ಪಾಸ್ ಅಂತೀರಲ್ಲ!"

ಮತ್ತೆ ತಟ್ಟಿದೆ. ನಾದ. ಹಿಡಿಯನ್ನು ಎತ್ತಿದೆ, ಕಲ್ಲಿಗೆ ತಾಗಿಸಲಿಲ್ಲ. ಕಿವಿಗೊಟ್ಟೆ.

ನಾದ ಇತ್ತು. ನನ್ನ ಕಿವಿಯೊಳಗೆ.

ಮೂರು ವರ್ಷದಿಂದ ಗುಂಯ್ ಅನ್ನುತ್ತಿದೆ. ಗ್ರೈಂಡರ್ ಮುಂದೆ ನಿಲ್ಲುವವನಿಗೆ ಇದ್ದದ್ದೇ ಎಂದು ಯಾರಿಗೂ ಹೇಳಿರಲಿಲ್ಲ. ಅಯ್ಯೋ ದೇವರೇ. ಹಾಗಾದರೆ ಆವತ್ತಿನ ಕಲ್ಲು...

ಮಾರ್ಚ್ 10

ಸ್ವಿಚ್ ಹತ್ತಿರ ಹೋದರೆ ಭಾವ ಅಲ್ಲೇ ನಿಂತಂತೆ ಕಾಣುತ್ತದೆ, ಮುಖದ ಮೇಲೆ ಎರಡೂ ಕೈ. ಮೋಟಾರ್ ನಿಂತ ಮೇಲೂ ನಾದ ನಿಲ್ಲುವುದಿಲ್ಲ. ಊಟಕ್ಕೆ ಕೂತರೂ ಸ್ನಾನಕ್ಕೆ ಹೋದರೂ ಪಾಸು, ಪಾಸು, ಪಾಸು ಅನ್ನುತ್ತದೆ.

ಮಾರ್ಚ್ 17

ಏಳು ದಿನ ಬಾಯಿ ಬಿಡಲಿಲ್ಲ. ಹೇಡಿ. ಇವತ್ತು ಅಕ್ಕ ಅಂಗಡಿಗೆ ಹೋದ ಹೊತ್ತು ನೋಡಿ ಭಾವನಿಗೆ ಎಲ್ಲ ಹೇಳಿದೆ. ನಕ್ಕರು.

"ಗೊತ್ತಿತ್ತು ಕಣೋ."

"ಏನು ಗೊತ್ತಿತ್ತು?"

"ನಿನಗೆ ಕಿವಿ ಕೇಳ್ಸಲ್ಲ ಅಂತ. ಕೂರಿಸೋ ಮುಂಚೆ ನಾನೂ ಒಂದ್ಸಲ ತಟ್ಟಿ ನೋಡೋಣ ಅನ್ಕೊಂಡೆ. ನೀನು ಅಲ್ಲೇ ನಿಂತಿದ್ದೆ. ಎಲ್ಲರ ಮುಂದೆ ನಿನ್ನ ಮಾನ ಯಾಕೆ ಕಳೀಲಿ ಅಂತ ಬಿಟ್ಟೆ." ಆಮೇಲೆ ನನ್ನ ಕಿವಿಗೆ ಬೀಳಲೆಂದು ಜೋರಾಗಿ, "ನಿನ್ನ ಅಕ್ಕನಿಗೆ ಮಾತ್ರ ಹೇಳ್ಬೇಡ. ಅವಳು ತಡ್ಕೊಳಲ್ಲ."

ಅಲ್ಲೇ ಕೂತು ಅತ್ತುಬಿಟ್ಟೆ. ಬೈದಿದ್ದರೂ ಚೆನ್ನಾಗಿತ್ತು.

ಮಾರ್ಚ್ 18, ಬೆಳಿಗ್ಗೆ

ಮಾಲೀಕರಿಗೆ ಎಲ್ಲ ಬರೆದುಕೊಟ್ಟೆ. ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರಿಗೆ ಸೋಮವಾರದಿಂದ ಬರೋಕೆ ಹೇಳಿ. ನೀವು..." ಮುಂದಿನದು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ಅದೇ ದಿನ, ಮಧ್ಯಾಹ್ನ 4

ಮನೆಯಲ್ಲಿದ್ದೇನೆ. ಹೇಳಬೇಡ ಅಂದಿದ್ದಾರೆ ಭಾವ. ಹೇಳದೆ ಅಕ್ಕನ ಕೈಯ ಅನ್ನ ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಹೇಗೆ ಶುರು ಮಾಡಲಿ ಎಂದು ಇಲ್ಲಿ ಬರೆದು, ಬರೆದದ್ದನ್ನು ಬಾಯಿಬಿಟ್ಟು ಓದಿ ನೋಡುತ್ತಿದ್ದೇನೆ. ಅಕ್ಕಾ, ಭಾವನ ಕಣ್ಣು ಹೋಗಿದ್ದು ನನ್ನಿಂದ... ಬೇಡ. ಅಕ್ಕಾ, ಆವತ್ತು ಕಲ್ಲಿನ ಸದ್ದು ನನಗೆ ಕೇಳಿಸಿರಲೇ ಇಲ್ಲ, ಆದರೂ ನಾನು...

ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ತುಟಿ ಆಡುತ್ತಿದೆ. ಏನನ್ನುತ್ತಿದ್ದಾಳೆ ಅಂತ ನನಗೆ ಕೇಳಿಸು—