ಚಪ್ಪಟೆ ನಕ್ಷತ್ರದ ಲೆಕ್ಕ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟುವಿಗೆ,

ಅಕ್ಕನ ನೆನಪುಗಳು. ನಿನ್ನ ಲೇಖನವಿರುವ ಸಂಶೋಧನಾ ಪತ್ರಿಕೆ ಬಂದು ಎರಡು ತಿಂಗಳಾಯಿತು. ಇಷ್ಟು ದಿನ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಕೂತಾಗಲೆಲ್ಲ ಕೈ ಓಡಲಿಲ್ಲ. ಅಮ್ಮನ ಮಂಡಿನೋವು ಇಳಿದಿದೆ. ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದು, ಕಾಗದದ ರಾಶಿಯನ್ನು ಬೈದು ಹೋಗುವಷ್ಟು ಗಟ್ಟಿಯಾಗಿದ್ದಾಳೆ.

ಹೋದ ವಾರ ಉಪನ್ಯಾಸಕಿಯ ಕೆಲಸಕ್ಕೆ ಸಂದರ್ಶನವಿತ್ತು. ನ್ಯೂಟ್ರಾನ್ ನಕ್ಷತ್ರ ವೇಗವಾಗಿ ತಿರುಗಿದಷ್ಟೂ ನಡು ಉಬ್ಬಿ ಚಪ್ಪಟೆಯಾಗುತ್ತದೆ ಎಂದು ವಿವರಿಸಿದೆ. ದುಂಡಗಿನ ಆಕಾರದಿಂದ ಶುರುಮಾಡಿದರೆ ಸಾಪೇಕ್ಷತೆಯ ಸಮೀಕರಣಗಳು ಅತಿ ವೇಗವಾಗಿ ತಿರುಗುವ ನಕ್ಷತ್ರಕ್ಕೆ ಉತ್ತರವನ್ನೇ ಕೊಡುವುದಿಲ್ಲ. ವೇಗವನ್ನು ಚೂರುಚೂರೇ ಏರಿಸಿ, ಒಂದು ಹಂತದಲ್ಲಿ ಸಿಕ್ಕ ಆಕಾರವನ್ನೇ ಮುಂದಿನ ಹಂತಕ್ಕೆ ಊಹೆಯಾಗಿ ಕೊಡಬೇಕು ಎಂದೆ. ಆಯ್ಕೆ ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು, "ಇದು ನಿಮ್ಮ ತಮ್ಮನ ವಿಧಾನ ಅಲ್ವೇನಮ್ಮಾ? ನಿಮ್ಮದು ಅಂತ ಏನಿದೆ?" ಎಂದರು. ಆ ಲೆಕ್ಕವನ್ನೆಲ್ಲ ಬರೆದಿಟ್ಟ ನನ್ನ ನೋಟ್‌ಬುಕ್ ಚೀಲದಲ್ಲೇ ಇತ್ತು. ತೆಗೆದರೆ ಅಷ್ಟು ಜನರ ಎದುರು ನೀನು ಕಳ್ಳನಾಗುತ್ತೀಯ ಎಂದು ತೆಗೆಯಲಿಲ್ಲ. ಕೆಲಸ ಬೇರೆಯವರಿಗೆ ಹೋಯಿತು.

ಆ ದಾರಿ ಹೊಳೆಯಲು ನನಗೆ ನಾಲ್ಕು ವರ್ಷ ಹಿಡಿಯಿತು. "ತಪ್ಪಿದ್ರೆ ಹೇಳೋ" ಎಂದು ನಾನೇ ಆ ನೋಟ್‌ಬುಕ್ ನಿನಗೆ ಓದಲು ಕೊಟ್ಟೆ. "ತಪ್ಪೇನಿಲ್ಲ ಕಣಕ್ಕಾ, ಆದ್ರೆ ಈಗ್ಲೇ ಯಾರಿಗೂ ತೋರಿಸ್ಬೇಡ, ಇನ್ನೂ ಹಸಿ ಇದೆ" ಎಂದು ನೀನು ಹೇಳಿದೆ. ನಂಬಿ ಸುಮ್ಮನಿದ್ದೆ. ಒಂದು ವರ್ಷ! ನಿನ್ನ ಲೇಖನದ ಮೂರನೆಯ ಕೋಷ್ಟಕದಲ್ಲಿ ನನ್ನ ಅಂಕಿಗಳೇ ಇವೆ, ಕೊನೆಯ ದಶಾಂಶದವರೆಗೆ.

"ಸಂಸಾರಸ್ಥ ಕಣೇ ಅವನು. ದೊಡ್ಡವಳು ನೀನೇ ಹೊಟ್ಟೆಗೆ ಹಾಕ್ಕೋ" ಎಂದು ಅಮ್ಮ ಅತ್ತಳು. ಎರಡು ತಿಂಗಳು ಪ್ರಯತ್ನಪಟ್ಟೆ, ಆಗಲಿಲ್ಲ. ತಾರೀಖು ಹಾಕಿದ ನನ್ನ ಪುಟಗಳ ಪ್ರತಿಯನ್ನು ನಾಳೆ ಪತ್ರಿಕೆಯ ಸಂಪಾದಕರಿಗೆ ಕಳಿಸುತ್ತಿದ್ದೇನೆ. ಬೆನ್ನ ಹಿಂದೆ ಮಾಡುವುದು ನನ್ನಿಂದಾಗದು; ಅದಕ್ಕೇ ಮೊದಲು ನಿನಗೆ ತಿಳಿಸಿದೆ.

ಮಕ್ಕಳಿಗೆ ಅತ್ತೆಯ ಮುತ್ತುಗಳು. ಎಲ್ಲರೂ ಆರೋಗ್ಯವಾಗಿರಿ. ಇದನ್ನು ಬಾಯುಪಚಾರಕ್ಕೆ ಬರೆಯುತ್ತಿಲ್ಲ.

ನಿನ್ನ
ಅಕ್ಕ

ತಾ.ಕ.: ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, "ಹಸ್ತಪ್ರತಿಯನ್ನು ಟೈಪ್ ಮಾಡಿಕೊಟ್ಟ ಅಕ್ಕನಿಗೆ ಕೃತಜ್ಞತೆಗಳು" ಎಂದು ಹಾಕಿದ್ದೀಯ. ಲೇಖನದಲ್ಲಿ ನನ್ನ ಪ್ರಸ್ತಾಪವೇ ಇಲ್ಲದಿದ್ದರೆ, ಅವಸರದಲ್ಲಿ ಮರೆತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನೀನು ಮರೆತಿರಲಿಲ್ಲ ಪುಟ್ಟೂ. ಕೂತು, ಯೋಚಿಸಿ, ಬರೆದಿದ್ದೀಯ.