ಗುಡ್ಡ ಹತ್ತಿದ ಹಡಗು

ಹಡಗಿಲ್ಲದ ಸೆಕೆಂಡ್ ಆಫೀಸರ್ ರೇವಣಸಿದ್ಧ ಅವರಿಗೆ,

ನಿಲಂಗಾದಿಂದ ನಿಮ್ಮ ಹೆಂಡತಿ ಮೀನಲ ಬರೆಯುವುದು. ನೀವು ಕ್ಷೇಮವಾಗಿರುವಿರೆಂದು ಖಾತ್ರಿಯಿದೆ. ಪನವೇಲದ ಬಾಡಿಗೆ ಖೋಲಿಯಲ್ಲಿ ಬಿರುಗಾಳಿ ಏಳುವುದಿಲ್ಲ, ಅಲೆ ಬಡಿಯುವುದಿಲ್ಲ. ಬಡಿದರೆ ಮನೆ ಮಾಲಕ ಬಾಗಿಲು ಬಡಿದಾನು, ಅಷ್ಟೇ. ನಿಮ್ಮ ನಾಲ್ಕು ಹಾಳೆಯ ಪತ್ರ ಮುಟ್ಟಿತು. ಅದರಲ್ಲಿ ‘ಕ್ಷಮಿಸು’ ಎಂಬುದು ಹಾಳೆಗೆರಡು ಸಲ ಇದೆ. ‘ನಿಜ’ ಎಂಬುದು ಒಂದೇ ಸಲ, ಅದೂ ‘ನಿಜ ಹೇಳಬೇಕೆಂದರೆ’ ಎಂದು ಶುರುವಾಗಿ ಮುಂದೆ ಬೇರೆ ಏನನ್ನೋ ಹೇಳುತ್ತದೆ.

‘ನೀವು’ ಎನ್ನುತ್ತಿದ್ದೇನೆಂದು ಹಿಗ್ಗಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಕಾಲು ತುಳಿದವನನ್ನೂ ನಮ್ಮ ಕಡೆ ‘ರೀ’ ಹಚ್ಚಿಯೇ ಬೈಯುತ್ತಾರೆ.

ಜುಲೈ ತಿಂಗಳಲ್ಲಿ ಕ್ಯಾಪ್ಟನ್ ಜೊತೆ ಜಗಳವಾಡಿ ನೌಕರಿ ಕಳೆದುಕೊಂಡಿರಿ. ಹೇಳಿದ್ದರೆ ಏನಾಗುತ್ತಿತ್ತು? ಅವ್ವ ಎರಡು ದಿನ ಅಳುತ್ತಿದ್ದಳು, ಅಪ್ಪ ‘ಹೊಲದಾಗ ಕಡಲಿ ಬಿತ್ತೂಣು ಬಾ ಅಳಿಯಾ’ ಅನ್ನುತ್ತಿದ್ದ. ನಾವು ಕಡಲೆ ಕಂಡವರೇ ಹೊರತು ಕಡಲು ಕಂಡವರಲ್ಲ. ಹಡಗು ಬಿಟ್ಟವನನ್ನು ಮನೆ ಬಿಡಿಸುವ ಪದ್ಧತಿ ನಮ್ಮಲ್ಲಿಲ್ಲ. ನೌಕರಿ ಹೋದದ್ದನ್ನು ನಾನು ಎಂದೋ ಕ್ಷಮಿಸಿಬಿಟ್ಟೆ. ಉಳಿದದ್ದರ ಮಾತು ಬೇರೆ.

ಮದುವೆಯಾದ ವರ್ಷ ನೀವು ಅರಬ್ಬೀ ಸಮುದ್ರದ ಹಳೆಯ ಚಾರ್ಟ್ ಒಂದನ್ನು ಸುರುಳಿ ಸುತ್ತಿ ತಂದಿರಿ. ಜೋಳದ ಚೀಲ ಇಡುವ ಖೋಲಿಯ ಗೋಡೆಗೆ ಅದನ್ನು ಹಚ್ಚಿ ಅಪ್ಪನಿಗೆ ಪಾಠ ಹೇಳಿದಿರಿ. ಭೂಪಟದಲ್ಲಿ ಸಮುದ್ರ ಖಾಲಿ ಇರುತ್ತದೆ, ನಾವಿಕನ ಪಟದಲ್ಲಿ ನೆಲ ಖಾಲಿ. ನೀರಿನ ತುಂಬಾ ಆಳದ ಅಂಕಿಗಳು, ನೆಲವೆಲ್ಲ ಬರೀ ಹಳದಿ. ಅಪ್ಪ ಕನ್ನಡಕ ಏರಿಸಿ ಹುಡುಕಿ ಹುಡುಕಿ ನಕ್ಕ. “ಇದರಾಗ ನಿಲಂಗಾನೂ ಇಲ್ಲ, ಪುಣೇನೂ ಇಲ್ಲ. ಈ ನಕ್ಷಾ ಮಾಡ್ದಾಂವಾ ನ್ಯಾಯವಂತ ಅದಾನ ನೋಡು.”

ಅಳಿಯನನ್ನು ಅಳೆಯಲು ಬಾರದ ಮನುಷ್ಯ ಸಮುದ್ರವನ್ನು ಅಳೆಯಲು ವಾರದಲ್ಲಿ ಕಲಿತುಬಿಟ್ಟ. ಮೇಲೆ ಕೆಳಗೆ ಅಕ್ಷಾಂಶ, ಅಡ್ಡಕ್ಕೆ ರೇಖಾಂಶ, ಎರಡೂ ಗೆರೆ ಕೂಡಿದಲ್ಲಿ ಹಡಗು. ಒಂದು ಚುಕ್ಕೆ, ಸುತ್ತ ಸಣ್ಣ ಸೊನ್ನೆ, ಬದಿಗೆ ತಾರೀಖು. ದೂರ ಅಳೆಯಬೇಕಾದರೆ ಕೈವಾರವನ್ನು ಪಟದ ಪಕ್ಕದ ಅಂಚಿಗೇ ಹಿಡಿಯಬೇಕು, ಅಲ್ಲಿ ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ಸಮುದ್ರ ಮೈಲಿ. ಕೆಳಗಿನ ಅಂಚಿಗೆ ಹಿಡಿದವನು ಮುಳುಗಿದ. ಇಷ್ಟನ್ನೂ ನೀವೇ ಕಲಿಸಿದ್ದು. ಜೊತೆಗೆ ಇನ್ನೊಂದು: ಮೆತ್ತನೆಯ ಪೆನ್ಸಿಲ್ಲೇ ಬಳಸಬೇಕು, ಅಳಿಸಿದರೆ ಕಲೆ ಉಳಿಯಬಾರದು. ಅದೊಂದನ್ನು ಅಪ್ಪ ಕೇಳಲಿಲ್ಲ. ಚುಕ್ಕೆ ಹಾಕುವುದೆಂದರೆ ಗೂಟ ಹೊಡೆಯುವುದೆಂದು ತಿಳಿದವನು, ಗಟ್ಟಿ ಪೆನ್ಸಿಲ್ಲನ್ನು ಒತ್ತಿ ಒತ್ತಿ ಹಾಕುತ್ತಿದ್ದ.

ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಅಪ್ಪನ ಮೊಬೈಲಿಗೆ ನಿಮ್ಮ ಎರಡು ಅಂಕಿ ಬರುತ್ತಿದ್ದವು. ಬಂದಮೇಲೇ ಊಟ. ನಾನು ಆ ಹೊತ್ತಿಗೆ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿರುತ್ತಿದ್ದೆ. ಊರ ಮಕ್ಕಳಿಗೆಲ್ಲ ನಕ್ಷೆ ಓದಲು ಕಲಿಸುವವಳು ಸ್ವಂತ ಮನೆಯ ಗೋಡೆಯ ಮೇಲಿನದನ್ನು ಒಂದು ದಿನ ಓದಲಿಲ್ಲ. ಆ ಬೈಗುಳ ನನಗೆ ನಾನೇ ಬೈದುಕೊಂಡಾಗಿದೆ. ನಿಮ್ಮ ಪಾಲಿನದು ಈಗ.

ಗಣಪತಿ ಹಬ್ಬ ಆದಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ನಾಚಿಕೊಂಡು ಹೇಳಿದ, “ಇವತ್ತ ಅಳಿಯಂದ್ರ ಹಡಗ ಗುಡ್ಡಕ್ಕ ಹತ್ತಸ್ದೆ ಯವ್ವಾ. ಕಾಠೇವಾಡದ ನೆಲದ ನಟ್ಟನಡು ಹೋಗಿ ನಿಂತದ.” ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಎರಡು ವಾರಕ್ಕೆ ಮತ್ತೊಮ್ಮೆ ಹತ್ತಿತು. ಆಗ ನಗಲಿಲ್ಲ. ‘ನನ್ನ ಕಣ್ಣು ಹೋಗ್ಯಾವ’ ಎಂದು ಅಪ್ಪನೇ ಹಟ ಹಿಡಿದ. ಉದಗೀರದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ದೀಪ ಹಿಡಿದು, ಅಕ್ಷರ ಓದಿಸಿ ನೋಡಿದರು. “ಕಾಕಾ, ಕಣ್ಣು ಏಕದಮ್ ಛಾನ್ ಅವ.”

“ಮತ್ತ ಗುಡ್ಡದ ಮ್ಯಾಲ ಹಡಗ ಯಾಕ ಬರ್ತದ್ರೀ ಸಾಹೇಬ್ರ?”

ಡಾಕ್ಟರು ನನ್ನನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದರು, “ತಾಯಿ, ಕಾಕಾರಿಗೆ ಹಡಗ ಬಿಟ್ಟು ಮತ್ತೇನೇನ್ ಕಾಣತದ?” ಬರುವಾಗ ಅರ್ಧ ದಾರಿಯವರೆಗೂ ಬಸ್ಸಿನಲ್ಲಿ ಇದನ್ನು ನೆನೆನೆನೆದು ನಕ್ಕೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಕಣ್ಣು ನೆಟ್ಟಗಿದ್ದರೆ ತಲೆಯೇ ಕೆಟ್ಟಿರಬೇಕು ಎಂಬ ತೀರ್ಮಾನಕ್ಕೆ ಆ ಬಸ್ಸಿನಲ್ಲೇ ಬಂದಿದ್ದ. ನನಗೆ ಗೊತ್ತಾಗಲಿಲ್ಲ.

ಆಮೇಲೆ ಮಠದಲ್ಲಿ ವಚನ ಓದುವುದನ್ನು ಬಿಟ್ಟ. “ಅಕ್ಷರ ತಪ್ಪಿದ್ರ ಕೇಳ್ದವ್ರಿಗೂ ಪಾಪ.” ಮೂವತ್ತು ವರ್ಷ ಸ್ವರ ತಪ್ಪದೆ ಓದಿದವನು. ಬಿತ್ತುವಾಗ ಸಾಲು ನೆಟ್ಟಗಿದೆಯೇ ಎಂದು ಆಳುಮಕ್ಕಳನ್ನು ಕೇಳತೊಡಗಿದ. ವೇಳ ಅಮಾವಾಸ್ಯೆಯ ಹೊಲದ ಪೂಜೆಗೆ ಜೋಳದ ಕಣಕಿಯ ಕೊಂಪೆ ಕಟ್ಟಿ, ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿ ಇಡುವಾಗ ಎರಡೆರಡು ಸಲ ಎಣಿಸಿ ನನ್ನನ್ನು ಕರೆದ, “ಐದ ಅವ ಇಲ್ಲಾ ನೋಡವ್ವಾ.” ಐದೇ ಇದ್ದವು. ಅಂಬಲಿಯ ಮೊದಲ ಎಡೆಯನ್ನು ‘ನೀರಿನ ಮ್ಯಾಲಿರೋ ಅಳಿಯಗ’ ಎಂದು ತೆಗೆದಿಟ್ಟ. ಅದಾದ ಒಂಬತ್ತನೆಯ ದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ನಾನು ಫೋನ್ ಮಾಡಿದೆ. ನೀವು ಅತ್ತಿರಿ, ನಂಬುವಂತೆಯೇ ಅತ್ತಿರಿ. “ಹದಿನೈದು ಉತ್ತರ, ಅರವತ್ತು ಪೂರ್ವದಾಗ ಇದೀನಿ ಮೀನಲ, ಸುತ್ತ ನೀರೇ ಅದ, ಹ್ಯಾಂಗ ಬರ್ಲಿ?” ರಾತ್ರಿ ಬಸ್ಸಿನಲ್ಲಿ ಬರಬೇಕಿತ್ತು. ಪನವೇಲದಿಂದ ನಿಲಂಗಾಕ್ಕೆ ಒಂದು ರಾತ್ರಿಯ ದಾರಿ. ಹೊಲದಲ್ಲಿ ಅಪ್ಪನನ್ನು ಸಮಾಧಿಯಲ್ಲಿ ಕೂಡಿಸಿ ಎಲ್ಲರೂ ಮಣ್ಣು ಕೊಡುವಾಗ ನಾನು ಎರಡು ಸಲ ಕೈಚಾಚಿದೆ. ಒಂದು ಹಿಡಿ ನನ್ನದು, ಇನ್ನೊಂದು ದೂರದಲ್ಲಿರುವ ನಿಮ್ಮದು. ಎರಡನೆಯದು ತಪ್ಪಾಯಿತು. ಹಾಕಿದ ಮಣ್ಣನ್ನು ತೆಗೆಯಲು ಬರುವುದಿಲ್ಲ.

ಅಪ್ಪನ ಕೆಲಸ ನಿಲ್ಲಬಾರದು ಎಂದು ಅವ್ವ ಹೇಳಿದಳು. ಹಾಗಾಗಿ ಮೊದಲ ಸಲ ನಾನು ಪೆನ್ಸಿಲ್ ಹಿಡಿದು ಆ ಗೋಡೆಯ ಮುಂದೆ ನಿಂತೆ. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ನೀರಿನಲ್ಲಿ ಅಪ್ಪನ ಚುಕ್ಕೆಗಳ ಸಾಲು. ಹಳದಿ ನೆಲದ ಮೇಲೆ ಬೇರೆ ಒಂದಿಷ್ಟು ಗುಳಿಗಳು, ರಬ್ಬರಿನಿಂದ ತಿಕ್ಕಿ ತಿಕ್ಕಿ ಕಾಗದ ತೆಳ್ಳಗಾದ ಜಾಗಗಳು. ಅಪ್ಪನ ಮೊಬೈಲ್ ತೆಗೆದು ನಿಮ್ಮ ಅಂಕಿಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ಇಪ್ಪತ್ತೆರಡು ಉತ್ತರ, ಎಪ್ಪತ್ತೊಂದು ಪೂರ್ವ: ಬರೋಬರ್ ಗುಳಿಯ ಮೇಲೆ. ಇನ್ನೊಂದು, ಅದೂ ಗುಳಿಯ ಮೇಲೆ. ಅಪ್ಪ ಒಮ್ಮೆಯೂ ತಪ್ಪಿರಲಿಲ್ಲ. ಸರಿಯಾದ ಜಾಗದಲ್ಲಿ ಹಾಕಿದ ಚುಕ್ಕೆಯನ್ನು ತನ್ನ ತಪ್ಪೆಂದು ಅಳಿಸಿ, ಕೈಯಾರೆ ನಿಮ್ಮ ಹಡಗನ್ನು ನೀರಿಗೆ ಇಳಿಸಿದ್ದ. ದಿನಕ್ಕೆ ಮುನ್ನೂರು ಮೈಲಿ ಹೋದರೆ ಏದುಸಿರು ಬಿಡುವ ನಿಮ್ಮ ಸಾಮಾನು ಹಡಗು ಒಂದು ದಿನ ಐನೂರ ಎಂಬತ್ತು ಮೈಲಿ ಓಡಿತ್ತು. ಅದಕ್ಕೂ ಅಪ್ಪ ಪಕ್ಕದಲ್ಲಿ ಬರೆದಿದ್ದ: ‘ಗಾಳಿ ಹಿಂದಿನಿಂದ ಇರಬೇಕು.’

ಸುಳ್ಳು ಹೇಳುವವನಿಗೆ ಸ್ವಲ್ಪವಾದರೂ ಶ್ರದ್ಧೆ ಇರಬೇಕು, ರೇವಣಸಿದ್ಧ. ನಿಮ್ಮದೇ ವಿದ್ಯೆ, ನಿಮ್ಮದೇ ಸಮುದ್ರ, ಅಂಕಿ ಕಳಿಸುವ ಮುಂಚೆ ಒಮ್ಮೆ ಪಟ ನೋಡುವಷ್ಟು ಮರ್ಯಾದೆಯನ್ನೂ ಆ ಮುದುಕನಿಗೆ ಕೊಡಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಬಾಯಿಗೆ ಬಂದದ್ದು ಕಳಿಸಿದಿರಿ. ನಿಮ್ಮ ಆಲಸ್ಯಕ್ಕೆ ಅಪ್ಪ ತನ್ನ ಕಣ್ಣು, ಕೈ, ತಲೆ ಮೂರನ್ನೂ ಅನುಮಾನಿಸಿಕೊಂಡು ಸತ್ತ.

ಕಂಪನಿಯ ಕಚೇರಿಗೆ ಫೋನ್ ಮಾಡಿದೆ, ಜುಲೈನಲ್ಲೇ ಇಳಿದಿದ್ದಾರೆ ಎಂದರು. ನಿಮಗೆ ‘ಗೊತ್ತಾಗಿದೆ’ ಎಂದು ಒಂದೇ ಪದ ಕಳಿಸಿದೆ. ಅಂದಿನಿಂದ ಅಂಕಿಗಳು ನಿಂತವು. ಅವ್ವ ನಿಲ್ಲಲಿಲ್ಲ. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, “ಇವತ್ತ ಎಲ್ಲಿಗಿ ಬಂದಾನ ನಮ್ಮ ಅಳಿಯ?” ಗಂಡ ಸತ್ತು ತಿಂಗಳೂ ಆಗದವಳಿಗೆ ಇನ್ನೊಂದು ಸಾವು ಹೇಳಲು ಬಾಯಿ ಬರಲಿಲ್ಲ. ಹಾಗಾಗಿ ನಾನೇ ಅಂಕಿ ಹುಟ್ಟಿಸಿ ಹಡಗು ನಡೆಸಿದೆ. ಐದು ವಾರ. ನಿಮಗಿಂತ ಚೆನ್ನಾಗಿ ನಡೆಸಿದೆ, ಕೇಳಿ: ದಿನಕ್ಕೆ ಇನ್ನೂರ ಎಂಬತ್ತು ಮೈಲಿ ಮೀರಲಿಲ್ಲ, ಒಂದು ಗುಡ್ಡವನ್ನೂ ಹತ್ತಲಿಲ್ಲ. ಗಂಡನಿಂದ ಹೆಂಡತಿ ಕಲಿತದ್ದು ಇದು.

ಈಗ ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ಸೋಮವಾರ ಬರುತ್ತೇನೆ, ‘ಅವ್ವಗ ಹಡಗು ಬಂದರಿಗೆ ಬಂತು ಅಂತ ಹೇಳಿಬಿಡು, ಮುಂದ ಎಲ್ಲಾ ಸುಸೂತ್ರ ಆಗತದ’ ಎಂದು ಬರೆದಿದ್ದೀರಿ. ಮೂರು ಸಲ ಓದಿದೆ. ಕ್ಷಮೆ ಕೇಳುವ ಪತ್ರದಲ್ಲೇ ಇನ್ನೊಂದು ಸುಳ್ಳಿಗೆ ನನ್ನನ್ನು ಕೂಲಿಗೆ ಕರೆಯುವ ಧೈರ್ಯ ನಿಮಗಿದೆ.

ಇವತ್ತು ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದೆ. ಅವ್ವನನ್ನು ಜೋಳದ ಚೀಲದ ಮೇಲೆ ಕೂಡಿಸಿ, ಅವಳ ಬೆರಳನ್ನು ಆ ಗುಳಿಗಳ ಮೇಲೆ ಇಡಿಸಿ ಎಲ್ಲವನ್ನೂ ಹೇಳಿದೆ. ನನ್ನ ಐದು ವಾರದ ಹಡಗನ್ನೂ ಬಿಡಲಿಲ್ಲ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ ಅವಳು. ನಿಮ್ಮ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಿದ್ದು ಇಷ್ಟು: “ಹಂಗಾರ ನಿಮ್ಮಪ್ಪಂದ್ ತಲಿ ಚೊಲೋ ಇತ್ತೇನ?”

ಚೊಲೋ ಇತ್ತವ್ವಾ ಅಂದೆ.

“ಅವ್ರಿಗಿ ಯಾರ್ ಹೇಳ್ಬೇಕು ಈಗ?”

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಕಳಿಸಬೇಡಿ.

ಸೋಮವಾರ ಬರುವ ಮಾತನ್ನೂ ತಿಳಿಸಿದೆ. ಬರಬೇಡ ಎನ್ನಲೇ ಎಂದು ಕೇಳಿದೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದಳು:

“ಬರ್ಲಿ. ಬಿಸಲಾಗ ಬಂದಾಂವಗ ಕುಡ್ಯಾಕ ನೀರ್ ಕೊಡು. ಕಾಲಿಗಿ ಕೊಡಬ್ಯಾಡ.”

ನೀವು ಅದೆಷ್ಟು ನೀರು ಕಂಡವರೋ ನನಗೆ ಗೊತ್ತಿಲ್ಲ. ಕಾಲಿಗೆ ನೀರು ಕೊಡದ ಮನೆಯಲ್ಲಿ ಅಳಿಯ ಹೊಸ್ತಿಲು ದಾಟುವುದಿಲ್ಲ ಎಂಬುದನ್ನು ಮಾತ್ರ ಬಲ್ಲಿರಿ. ತಂಬಿಗೆಯನ್ನು ನಾನೇ ಹೊರಗೆ ತಂದು ಕೊಡುತ್ತೇನೆ. ಕುಡಿದು, ಅದೇ ಬಸ್ಸಿಗೆ ತಿರುಗಿ ಹೋಗಿ.

ನಿಮಗೆ ಒಳ್ಳೆಯದಾಗಲಿ ಎನ್ನಲು ಇವತ್ತು ಮನಸ್ಸಿಲ್ಲ. ದಾರಿ ತಪ್ಪದಿರಲಿ ಎನ್ನುತ್ತೇನೆ, ಹೋಗುವ ದಾರಿ.

ಇಂತು,
ಕಲ್ಯಾಣಪ್ಪ, ಕಸ್ತೂರಬಾಯಿ ಇವರ ಮಗಳು
ಮೀನಲ