ಕೀ ಕವರ್ ಮಾತ್ರ ಬೇಡ

ತಮ್ಮಾ,

ನಮ್ಮ ಕಾರಿನ ಇನ್ಶೂರೆನ್ಸ್ ಈ ತಿಂಗಳು ಮುಗಿಯುತ್ತೆ, ನಿನ್ನ ಭಾವ ಫೋನ್ ಮಾಡೇ ಮಾಡ್ತಾರೆ. ಇನ್ಶೂರೆನ್ಸ್ ಏಜೆಂಟಿಗೆ ನಾನು ಹೇಳಿಕೊಡೋದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ಕೇಳು.

ಎಂಜಿನ್‌ದು, ಗಾಜಿಂದು, ದಾರಿಯಲ್ಲಿ ಕೆಟ್ಟು ನಿಂತರೆ ಎಳೆದು ತರೋದು, ಅವರು ಏನೇನು ಹೆಚ್ಚುವರಿ ಕೇಳಿದರೂ ಸೇರಿಸು. ಕೀ ಕಳೆದರೆ ಹೊಸದು ಮಾಡಿಸಿಕೊಡೋ ಕವರ್ ಮಾತ್ರ ಬೇಡ. ಅವರು ಅದನ್ನೇ ಮೊದಲು ಕೇಳ್ತಾರೆ. ಕಂಪನಿಯವರು ನಿಲ್ಲಿಸಿದ್ದಾರೆ ಅಂದುಬಿಡು. ನಿನಗೆ ಸ್ಟಿಯರಿಂಗ್ ಹಿಡಿಯೋದು ಕಲಿಸಿದ್ದೇ ಅವರು, ಸುಳ್ಳು ಹೇಳೋಕೆ ನಾಲಿಗೆ ಏಳಲ್ಲ, ಗೊತ್ತು.

ಅವರ ಮರೆವು ನಿನಗೆ ಹೊಸದಲ್ಲ. ಕಾರು ಓಡಿಸಬೇಡಿ ಅಂತ ಡಾಕ್ಟರು ಹೇಳಿದ್ದನ್ನೂ ಮರೆತಿದ್ದಾರೆ. ಮಾರೋಣ ಅಂದರೆ ಊಟ ಬಿಡ್ತಾರೆ. ಹೋದ ವಾರ ಮೊಮ್ಮಗಳನ್ನ ಶಾಲೆಯಿಂದ ಕರೆತರೋಕೆ ಹೋದವರು ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತರು. ಮಗು ಎಲ್ಲಿ ಅಂದೆ. ಯಾವ ಮಗು ಅಂದರು. ಮಟಮಟ ಮಧ್ಯಾಹ್ನ, ಕಾರಿನ ಗಾಜೆಲ್ಲ ಏರಿಸಿತ್ತು. ಆಸ್ಪತ್ರೆಯಿಂದ ನಿನ್ನೆ ಬಂದಳು. ಕಾರು ಕಂಡರೆ ನನ್ನ ಹಿಂದೆ ಅವಿತುಕೊಳ್ತಾಳೆ. ಯಾಕೆ ಹೀಗೆ ಹೆದರ್ತಾಳೆ ಅಂತ ಅವರೇ ನನ್ನ ಕೇಳ್ತಾರೆ.

ಎರಡೂ ಕೀ ಈ ಲಕೋಟೆಯಲ್ಲಿವೆ. ಎಲ್ಲಿಟ್ಟೆ ಅಂತ ನನಗೂ ಹೇಳಬೇಡ. ನಾನೇ ಕನಿಕರಪಟ್ಟು ತರಿಸಿ ಕೊಟ್ಟೇನು.

ಬೆಳಿಗ್ಗೆಯಿಂದ ಹುಡುಕ್ತಿದ್ದಾರೆ. ಈಗ ಮಂಚದ ಕೆಳಗೆ ತಲೆ ಹಾಕಿ, "ನೀನೂ ಸ್ವಲ್ಪ ನೋಡೇ, ನನಗೆ ಮರೆವು ಜಾಸ್ತಿ ಆಯ್ತು" ಅಂತ ಕೂಗ್ತಿದ್ದಾರೆ. ಇದನ್ನ ಅಂಟಿಸಿ ಹೋಗ್ತೀನಿ. ಅವರ ಜೊತೆ ಹುಡುಕಬೇಕು.

ನಿನ್ನ ಅಕ್ಕ